ಓದುಗರ ಪ್ರಶ್ನೆ, ನಮ್ಮ ಉತ್ತರ: ಗೇಮ್ ಮಾಡೆಲ್‌ಗೆ ಟೆಕ್ಸ್‌ಚರ್ ಫೈಲ್ ಮಾಡಲು ಯಾವ ತಂತ್ರಾಂಶ?

ಬಳ್ಳಾರಿ, ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳಿಂದ ಬಂದ ಮೂರು ಪತ್ರಗಳು ಟೆಕ್ಸ್‌ಚರ್, ಅಂದರೆ ಆಟದ ಮಾಡೆಲ್‌ನ ಮೈಗೆ ಹೊದಿಸುವ ಚಿತ್ರ, ಎಂಬ ಒಂದೇ ವಿಷಯದ ಸುತ್ತ ಇರುವುದರಿಂದ ಈ ಸಂಚಿಕೆಯಲ್ಲಿ ಅವನ್ನು ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಮಾನ್ಯರೇ, ನಾನು ಸಂಡೂರಿನವನು. ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಆಟವೊಂದಕ್ಕೆ ನಮ್ಮ ಭಾಗದ ಅದಿರು ಲಾರಿಯ ಮಾಡೆಲ್ ಅನ್ನು ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಸಿದ್ಧಪಡಿಸಿದ್ದೇನೆ. ಆ ಆಟ ಡಿಡಿಎಸ್ ಫೈಲುಗಳನ್ನು ಮಾತ್ರ ಓದುತ್ತದೆ. ನನ್ನಲ್ಲಿರುವ ಫೋಟೋಶಾಪ್‌ನಲ್ಲಿ ಆ ಆಯ್ಕೆಯೇ ಇಲ್ಲ. ಹೀಗಾಗಿ ಅಂತರ್ಜಾಲದ ಪರಿವರ್ತಕವೊಂದಕ್ಕೆ ಪಿಎನ್‌ಜಿ ಚಿತ್ರಗಳನ್ನು ಕೊಟ್ಟು ಡಿಡಿಎಸ್ ಪಡೆದೆ. ಆಟದಲ್ಲಿ ನೋಡಿದರೆ ಕಿಟಕಿಯ ಗಾಜು ಕಪ್ಪಾಗಿ ಮುಚ್ಚಿಹೋಗಿದೆ, ಲಾರಿ ದೂರದಲ್ಲಿದ್ದಾಗ ಅದರ ಮೈಯೆಲ್ಲ ಮಿಣುಗುಟ್ಟುತ್ತದೆ, ಹಿಂಬದಿಯ ಹಲಗೆಯ ಮೇಲಿನ ಅಕ್ಷರಗಳ ಅಂಚು ಕದಡಿದಂತೆ ಕಾಣುತ್ತದೆ. ಯಾವ ತಂತ್ರಾಂಶವನ್ನು ಕೊಂಡರೆ ಇದು ಸರಿಹೋಗುತ್ತದೆ?
– ಹೆಸರು ಬೇಡವೆಂದ ಓದುಗರು, ಸಂಡೂರು, ಬಳ್ಳಾರಿ ಜಿಲ್ಲೆ

ಉತ್ತರ: ಕೊಳ್ಳಬೇಕಾದದ್ದು ಏನೂ ಇಲ್ಲ. ಈ ಕೆಲಸಕ್ಕೆ ಬೇಕಾದ ಒಳ್ಳೆಯ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಆದರೆ ಅವುಗಳ ಹೆಸರಿಗೆ ಬರುವ ಮೊದಲು ನೀವು ಬರೆದ ಮೂರು ದೋಷಗಳನ್ನು ಬಿಡಿಬಿಡಿಯಾಗಿ ನೋಡಬೇಕು, ಏಕೆಂದರೆ ಅವು ಮೂರೂ ಬೇರೆ ಬೇರೆ ಕಾರಣಗಳಿಂದ ಬಂದಿವೆ. ಆಯ್ಕೆಗಳನ್ನೇ ಮುಂದಿಡದ ಆ ಪರಿವರ್ತಕ ಮೂರು ಕಡೆಯೂ ನಿಮ್ಮನ್ನು ಕೇಳದೆ ತಾನೇ ತೀರ್ಮಾನ ಮಾಡಿಬಿಟ್ಟಿದೆ.

ಡಿಡಿಎಸ್ ಎಂಬುದು ಮೈಕ್ರೋಸಾಫ್ಟ್ ತನ್ನ ಡೈರೆಕ್ಟ್‌ಎಕ್ಸ್ ಎಂಬ ಗ್ರಾಫಿಕ್ಸ್ ವ್ಯವಸ್ಥೆಗಾಗಿ ರೂಪಿಸಿದ ಒಂದು ಫೈಲ್ ವಿನ್ಯಾಸ. ಅದರೊಳಗೆ ಸಂಕುಚಿತ ಚಿತ್ರವೂ ಇರಬಹುದು, ಸಂಕುಚಿಸದ ಚಿತ್ರವೂ ಇರಬಹುದು. ಸಂಕುಚಿತವಾಗಿದ್ದರೆ ಅದು ಬಿಸಿ1ರಿಂದ ಬಿಸಿ7ರವರೆಗಿನ (ಬಿಸಿ ಎಂದರೆ ಬ್ಲಾಕ್ ಕಂಪ್ರೆಶನ್, ಚೌಕಚೌಕವಾಗಿ ಸಂಕುಚಿಸುವುದು) ಯಾವುದಾದರೊಂದು ಬಗೆಯಲ್ಲಿ ಇರುತ್ತದೆ. ಇವುಗಳಲ್ಲಿ ಮೊದಲಿನವು 1998ರ ಸುಮಾರಿಗೆ ಎಸ್3 ಎಂಬ ಕಂಪನಿಯಿಂದ ಬಂದವು, ಹಳೆಯ ಆಟಗಳ ದಾಖಲೆಗಳಲ್ಲಿ ಬಿಸಿ1 ಡಿಎಕ್ಸ್‌ಟಿ1 ಎಂದೂ ಬಿಸಿ3 ಡಿಎಕ್ಸ್‌ಟಿ5 ಎಂದೂ ಕಾಣುತ್ತವೆ. ಅದರ ಪೇಟೆಂಟ್ 2017ರ ಅಕ್ಟೋಬರ್‌ನಲ್ಲಿ ಮುಗಿಯುವವರೆಗೆ ಮುಕ್ತ ತಂತ್ರಾಂಶಗಳ ಕೆಲವು ತಂಡಗಳು ಇದರ ಹತ್ತಿರ ಬರಲು ಹಿಂಜರಿಯುತ್ತಿದ್ದವು. ಈಗ ಆ ತೊಡಕಿಲ್ಲ. ಪಿಎನ್‌ಜಿ ಡಿಸ್ಕಿನಲ್ಲಿ ಚಿಕ್ಕದಾಗಿದ್ದರೂ ಗ್ರಾಫಿಕ್ಸ್ ಕಾರ್ಡ್ ಅದನ್ನು ಹಾಗೆಯೇ ಓದಲಾರದು, ಪೂರ್ತಿ ಬಿಚ್ಚಿಯೇ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಬಿಸಿ ಬಗೆಗಳಲ್ಲಿ ಹಾಗಲ್ಲ. ಚಿತ್ರವನ್ನು ಉದ್ದಕ್ಕೂ ಅಗಲಕ್ಕೂ ನಾಲ್ಕು ನಾಲ್ಕು ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ ಪ್ರತಿ ಚೌಕಕ್ಕೂ ಒಂದೇ ಅಳತೆಯ ಜಾಗ ಕೊಟ್ಟಿರುವುದರಿಂದ ಕಾರ್ಡ್ ತನಗೆ ಬೇಕಾದ ಚೌಕವನ್ನು ನೇರವಾಗಿ ತೆಗೆದು ಆಗಿಂದಾಗಲೇ ಬಿಚ್ಚಿಕೊಳ್ಳುತ್ತದೆ. 2048 ಪಿಕ್ಸೆಲ್ ಉದ್ದಗಲದ ಒಂದು ಚಿತ್ರ ಬಿಚ್ಚಿದ ರೂಪದಲ್ಲಿ 16 ಎಂಬಿ ತಿಂದರೆ, ಬಿಸಿ3 ಅಥವಾ ಬಿಸಿ7ರಲ್ಲಿ 4 ಎಂಬಿ, ಬಿಸಿ1ರಲ್ಲಿ ಕೇವಲ 2 ಎಂಬಿ ತೆಗೆದುಕೊಳ್ಳುತ್ತದೆ.

ಈಗ ಗಾಜಿನ ವಿಷಯ. ಬಿಸಿ1ರಲ್ಲಿ ಪಾರದರ್ಶಕತೆಗೆ ಇರುವುದು ಒಂದೇ ಬಿಟ್: ಪಿಕ್ಸೆಲ್ ಪೂರ್ತಿ ಕಾಣಬೇಕು, ಇಲ್ಲವೇ ಪೂರ್ತಿ ಮರೆಯಾಗಬೇಕು, ಮರೆಯಾದ ಪಿಕ್ಸೆಲ್‌ನ ಬಣ್ಣವಾಗಿ ಉಳಿಯುವುದು ಕಪ್ಪು ಮಾತ್ರ. ಅರೆಪಾರದರ್ಶಕ ಗಾಜನ್ನು ಅದರಲ್ಲಿ ತುಂಬಲು ಬರುವುದಿಲ್ಲ. ನಿಮ್ಮ ಪರಿವರ್ತಕ ಬಹುತೇಕ ಬಿಸಿ1ನ್ನೇ ಆರಿಸಿಕೊಂಡಿದೆ. ಗಾಜಿರುವ ಟೆಕ್ಸ್‌ಚರ್ ಅನ್ನು ಬಿಸಿ3 ಇಲ್ಲವೇ ಬಿಸಿ7ರಲ್ಲಿ ಉಳಿಸಿದರೆ ಇದು ಸರಿಯಾಗುತ್ತದೆ.

ಮಿಣುಗುಟ್ಟುವಿಕೆಗೆ ಕಾರಣ ಮಿಪ್‌ಮ್ಯಾಪ್ ಇಲ್ಲದಿರುವುದು. ಮೂಲ ಚಿತ್ರದ ಜೊತೆಗೆ ಅದರ ಅರ್ಧ, ಕಾಲು, ಅರೆಕಾಲು ಅಳತೆಯ ಪ್ರತಿಗಳನ್ನು ಒಂದು ಪಿಕ್ಸೆಲ್‌ವರೆಗೂ ಇಳಿಸುತ್ತಾ ಅದೇ ಫೈಲಿನಲ್ಲಿ ಸೇರಿಸಿಟ್ಟರೆ ಲಾರಿ ದೂರ ಹೋದಂತೆ ಆಟ ಚಿಕ್ಕ ಪ್ರತಿಯನ್ನು ಬಳಸಿಕೊಳ್ಳುತ್ತದೆ. ಇದಕ್ಕೆ ಫೈಲಿನ ಅಳತೆ ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ, ಅದನ್ನು ಉಳಿಸಲು ಹೋಗಬೇಡಿ. ಟಾರ್ಪಾಲಿನ ಹೆಣಿಗೆ, ರೇಡಿಯೇಟರಿನ ಜಾಳಿಗೆ, ಬಳ್ಳಾರಿಯ ಜೀನ್ಸ್ ಬಟ್ಟೆಯ ನೇಯ್ಗೆಯಂಥ ಸಣ್ಣ ಗೆರೆಗಳು ಒತ್ತೊತ್ತಾಗಿರುವ ಚಿತ್ರಗಳಲ್ಲಿ ಮಿಪ್‌ಮ್ಯಾಪ್ ಇಲ್ಲದ ದೋಷ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಹೊಡೆಯುತ್ತದೆ.

ಮೂರನೆಯದು, ಅಕ್ಷರಗಳ ಅಂಚು. ಇಲ್ಲಿ ಸ್ವಲ್ಪ ನಿಲ್ಲಬೇಕು. ನಿಮ್ಮ ಲಾರಿಯ ಹಿಂಬದಿಯ ಹಲಗೆಯನ್ನು ಪರದೆಯಲ್ಲಿ ಹಿಗ್ಗಿಸಿ ನೋಡಿ. ಹಳದಿ ನೆಲದ ಮೇಲೆ ಕೆಂಪು ಅಕ್ಷರ, ಅದಕ್ಕೆ ಕಪ್ಪು ಅಂಚು, ನಮ್ಮ ಕಡೆಯ ಲಾರಿಗಳಲ್ಲಿ ಸಾಮಾನ್ಯವಾಗಿ ಹೀಗೇ ಇರುತ್ತದೆ. ಬಿಸಿ1ರ ಪ್ರತಿ ಚೌಕದಲ್ಲಿ ಬರೆದಿಡುವುದು ಎರಡೇ ಬಣ್ಣ; ಉಳಿದ ಎರಡನ್ನು ಅವುಗಳ ನಡುವಿನ ಮಿಶ್ರಣವಾಗಿ ಲೆಕ್ಕ ಹಾಕಿ, ಹದಿನಾರು ಪಿಕ್ಸೆಲ್‌ಗಳಿಗೂ ಈ ನಾಲ್ಕರಲ್ಲೇ ಒಂದೊಂದನ್ನು ಹಂಚಲಾಗುತ್ತದೆ. ಹಳದಿ, ಕೆಂಪು, ಕಪ್ಪು ಮೂರೂ ಒಂದೇ ಚೌಕದೊಳಗೆ ಬಿದ್ದಾಗ ಎರಡು ಬಣ್ಣಗಳನ್ನು ಹಿಡಿದರೆ ಮೂರನೆಯದು ಕೈತಪ್ಪುತ್ತದೆ, ಅದರ ಜಾಗದಲ್ಲಿ ಕಂದು ಛಾಯೆಯ ಯಾವುದೋ ಮಿಶ್ರಣ ಬಂದು ಕೂರುತ್ತದೆ. ನಿಮಗೆ ಕದಡಿದಂತೆ ಕಂಡದ್ದು ಇದು. ಬಹಳ ಮಂದಿ ಇದಕ್ಕೆ ಬಿಸಿ3 ಮದ್ದೆಂದು ಭಾವಿಸುತ್ತಾರೆ. ಬಿಸಿ3ರಲ್ಲಿ ಹೆಚ್ಚುವರಿಯಾಗಿ ಸಿಗುವ ಜಾಗವೆಲ್ಲ ಪಾರದರ್ಶಕತೆಗೆ ಹೋಗುತ್ತದೆ, ಬಣ್ಣದ ಭಾಗ ಬಿಸಿ1ರಂತೆಯೇ ಇರುವುದರಿಂದ ಅಕ್ಷರದ ಅಂಚು ಕೊಂಚವೂ ಸುಧಾರಿಸುವುದಿಲ್ಲ. ಬಿಸಿ7 ಮಾತ್ರ ಒಂದೇ ಚೌಕವನ್ನು ಎರಡು ಅಥವಾ ಮೂರು ಪಾಲು ಮಾಡಿ ಪ್ರತಿ ಪಾಲಿಗೂ ಬೇರೆ ಜೋಡಿ ಬಣ್ಣಗಳನ್ನು ಕೊಡಬಲ್ಲದು, ಅದರಲ್ಲಿ ನಿಮ್ಮ ಹಲಗೆ ಮೂಲದಂತೆಯೇ ನಿಲ್ಲುತ್ತದೆ.

ಆದರೆ ನಿಮ್ಮ ಆಟ ಬಿಸಿ7 ಓದುತ್ತದೆಯೇ? ಬಿಸಿ7 ಬಂದದ್ದು ಡೈರೆಕ್ಟ್‌ಎಕ್ಸ್‌ನ 3ಡಿ ಭಾಗವಾದ ಡೈರೆಕ್ಟ್3ಡಿ 11ರ ಜೊತೆಗೆ, ಅಂಥ ಡಿಡಿಎಸ್ ಫೈಲಿನ ತಲೆಭಾಗ ಹಳೆಯದಕ್ಕಿಂತ ಉದ್ದವಾಗಿರುತ್ತದೆ, ಹಳೆಯ ಆಟಗಳಿಗೆ ಅದು ಅರ್ಥವಾಗುವುದಿಲ್ಲ. ಇದನ್ನು ಊಹಿಸುತ್ತಾ ಕೂರುವ ಬದಲು ಆಟದ ಜೊತೆಗೇ ಬಂದ ಲಾರಿಯ ಟೆಕ್ಸ್‌ಚರ್ ಒಂದನ್ನು ಹೊರತೆಗೆದು ಅದು ಯಾವ ಬಗೆಯದೆಂದು ನೋಡಿಕೊಳ್ಳಿ. ಮೈಕ್ರೋಸಾಫ್ಟ್‌ನ ಡೈರೆಕ್ಟ್‌ಎಕ್ಸ್‌ಟೆಕ್ಸ್ ಎಂಬ ಮುಕ್ತ ಸಂಗ್ರಹದಲ್ಲಿರುವ ಟೆಕ್ಸ್‌ಡಯಾಗ್ ಎಂಬ ಚಿಕ್ಕ ಉಪಕರಣ ಫೈಲಿನ ಅಳತೆ, ಬಗೆ, ಮಿಪ್‌ಮ್ಯಾಪ್‌ಗಳ ಸಂಖ್ಯೆಗಳನ್ನು ಹೇಳುತ್ತದೆ. ಆಟದವರೇ ಎಲ್ಲ ಕಡೆಯೂ ಡಿಎಕ್ಸ್‌ಟಿ5 ಬಳಸಿದ್ದರೆ ನೀವೂ ಬಿಸಿ3ಕ್ಕೇ ನಿಲ್ಲುವುದು ಕ್ಷೇಮ. ಆಗ ಹಲಗೆಗೆ ಇನ್ನೊಂದು ದಾರಿಯಿದೆ: ಅದನ್ನು ದೊಡ್ಡ ಚಿತ್ರದಿಂದ ಬೇರ್ಪಡಿಸಿ 512ಕ್ಕೆ 256ರ ಪ್ರತ್ಯೇಕ ಟೆಕ್ಸ್‌ಚರ್ ಮಾಡಿ ಸಂಕುಚಿಸದೆಯೇ ಡಿಡಿಎಸ್ ಆಗಿ ಉಳಿಸಿ. ಅದಕ್ಕೆ ತಗಲುವುದು ಅರ್ಧ ಎಂಬಿ ಮಾತ್ರ. ಲಾರಿಯ ಉಳಿದ ಮೈ, ಅದರಲ್ಲೂ ಅದಿರಿನ ಕೆಂಧೂಳು ಮೆತ್ತಿದ ಭಾಗ, ಬಿಸಿ1ರಲ್ಲೇ ಚೆನ್ನಾಗಿ ಕಾಣುತ್ತದೆ, ಏಕೆಂದರೆ ಧೂಳಿನ ಒರಟು ಚುಕ್ಕೆಗಳಲ್ಲಿ ಸಣ್ಣಪುಟ್ಟ ತಪ್ಪು ಕಣ್ಣಿಗೆ ಸಿಗುವುದಿಲ್ಲ.

ಇಷ್ಟಾದ ಮೇಲೆ ತಂತ್ರಾಂಶ. ನಿಮ್ಮದು ವಿಂಡೋಸ್ ಆಗಿದ್ದರೆ ಪೇಂಟ್ ಡಾಟ್ ನೆಟ್‌ನಿಂದ ಶುರುಮಾಡಿ. ಉಳಿಸುವಾಗ ಅದು ಬಿಸಿ1ರಿಂದ ಬಿಸಿ7ರವರೆಗಿನ ಪಟ್ಟಿಯನ್ನೂ ಮಿಪ್‌ಮ್ಯಾಪ್‌ನ ಆಯ್ಕೆಯನ್ನೂ ಮುಂದಿಡುತ್ತದೆ, ಫಲಿತಾಂಶವನ್ನು ಉಳಿಸುವ ಮೊದಲೇ ತೋರಿಸುತ್ತದೆ. ಒಂದೆರಡು ಲಾರಿ ಮಾಡುವವರಿಗೆ ಇದಕ್ಕಿಂತ ಹೆಚ್ಚಿನದು ಬೇಕಾಗದು. ಲಿನಕ್ಸ್ ಬಳಸುವವರಿಗೆ ಗಿಂಪ್ ಇದೆ, ಅದರ 2.10ರ ಸರಣಿಯಿಂದ ಡಿಡಿಎಸ್ ಸೌಲಭ್ಯ ಒಳಗೇ ಬಂದಿದೆ, ಆದರೆ ಆ ಸರಣಿ ಬರೆಯುವುದು ಬಿಸಿ5ರವರೆಗೆ ಮಾತ್ರ, ಬಿಸಿ7 ಇಲ್ಲ. ಫೋಟೋಶಾಪ್ ಬಿಡಲಾರೆ ಎನ್ನುವವರು ಎನ್‌ವಿಡಿಯಾದ ಟೆಕ್ಸ್‌ಚರ್ ಟೂಲ್ಸ್ ಎಕ್ಸ್‌ಪೋರ್ಟರ್ ಅಥವಾ ಇಂಟೆಲ್‌ನ ಟೆಕ್ಸ್‌ಚರ್ ವರ್ಕ್ಸ್ ಪ್ಲಗಿನ್ ಹಾಕಿಕೊಳ್ಳಬಹುದು. ಎನ್‌ವಿಡಿಯಾದ್ದು ಫೋಟೋಶಾಪ್ ಇಲ್ಲದೆ ಸ್ವತಂತ್ರವಾಗಿಯೂ ಓಡುತ್ತದೆ, ಅದರ ಆಯ್ಕೆಗಳು ವಿಸ್ತಾರವಾಗಿವೆ, ಮೊದಲ ಸಲ ನೋಡಿದವರಿಗೆ ತುಸು ಗಾಬರಿ ಹುಟ್ಟಿಸುವಷ್ಟು ಎಂದೇ ಹೇಳಬೇಕು. ಫೈಲುಗಳು ಹತ್ತಾರು ಆದಾಗ, ಒಂದೊಂದನ್ನೇ ತೆರೆದು ಉಳಿಸುವ ಕೆಲಸದಲ್ಲಿ ಎಲ್ಲೋ ಒಂದು ಕಡೆ ಮಿಪ್‌ಮ್ಯಾಪ್ ಗುರುತು ಹಾಕುವುದು ಮರೆತೇ ಹೋಗುತ್ತದೆ, ಆಗ ಡೈರೆಕ್ಟ್‌ಎಕ್ಸ್‌ಟೆಕ್ಸ್‌ನ ಟೆಕ್ಸ್‌ಕಾನ್ವ್ ಒಳ್ಳೆಯದು. ಅದಕ್ಕೆ ಕಿಟಕಿ, ಗುಂಡಿಗಳಿಲ್ಲ. ಆಜ್ಞೆಯ ಸಾಲೊಂದನ್ನು ಒಮ್ಮೆ ಸರಿಯಾಗಿ ಬರೆದಿಟ್ಟುಕೊಂಡರೆ ಇಡೀ ಫೋಲ್ಡರನ್ನು ಒಂದೇ ನಿಯಮದಲ್ಲಿ ಪರಿವರ್ತಿಸುತ್ತದೆ.

ಚಿತ್ರದ ಉದ್ದಗಲಗಳು 512, 1024, 2048ರಂತೆ ಎರಡರ ಘಾತಗಳಾಗಿರಲಿ. ಮೂಲದ ಪಿಎನ್‌ಜಿ ಅಥವಾ ಪಿಎಸ್‌ಡಿಯನ್ನು ಎಂದೂ ಅಳಿಸಬೇಡಿ. ಡಿಡಿಎಸ್ ಅನ್ನೇ ತೆರೆದು ತಿದ್ದಿ ಮತ್ತೆ ಡಿಡಿಎಸ್ ಆಗಿ ಉಳಿಸಿದರೆ ನಷ್ಟದ ಮೇಲೆ ನಷ್ಟ ಕೂಡುತ್ತದೆ.

ಪ್ರಶ್ನೆ: ನಾವು ಕೊಪ್ಪಳದ ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಇಟಗಿಯ ಮಹಾದೇವ ದೇವಾಲಯದಲ್ಲಿ ಓಡಾಡುವಂಥ ಒಂದು ಆಟವನ್ನು ಗೋಡೋ 4 ಎಂಬ ಎಂಜಿನ್‌ನಲ್ಲಿ (ಆಟ ಕಟ್ಟುವ ತಂತ್ರಾಂಶದಲ್ಲಿ) ಕಟ್ಟುತ್ತಿದ್ದೇವೆ. ನಮ್ಮ ಪಿಎನ್‌ಜಿಗಳನ್ನೆಲ್ಲ ಮೊದಲೇ ಡಿಡಿಎಸ್ ಮಾಡಿಕೊಳ್ಳಬೇಕೆಂದು ಹಿರಿಯ ವಿದ್ಯಾರ್ಥಿಯೊಬ್ಬರು ಹೇಳುತ್ತಾರೆ. ಅಲ್ಲದೆ ಕಂಬಗಳ ಮೇಲೆ ಬೆಳಕು ಬಿದ್ದಾಗ ಹೊಳಪು ಚೌಕಚೌಕವಾಗಿ ಒಡೆದು ಕಾಣುತ್ತಿದೆ. ದಯವಿಟ್ಟು ಪರಿಹಾರ ತಿಳಿಸಿ.
– ವಿದ್ಯಾರ್ಥಿಗಳು, ಕೊಪ್ಪಳ

ಉತ್ತರ: ಬೇಕಾಗಿಲ್ಲ. ಸಂಡೂರಿನ ಓದುಗರ ಸ್ಥಿತಿ ಬೇರೆ, ನಿಮ್ಮದು ಬೇರೆ. ಅವರು ಬೇರೊಬ್ಬರು ಕಟ್ಟಿ ಮುಗಿಸಿದ ಆಟಕ್ಕೆ ಫೈಲ್ ಒದಗಿಸುತ್ತಿದ್ದಾರೆ, ನೀವು ಆಟವನ್ನೇ ಕಟ್ಟುತ್ತಿದ್ದೀರಿ. ಗೋಡೋ, ಯೂನಿಟಿ, ಅನ್‌ರಿಯಲ್ ಈ ಮೂರೂ ನೀವು ಕೊಟ್ಟ ಮೂಲ ಚಿತ್ರವನ್ನು ಆಮದು ಮಾಡಿಕೊಳ್ಳುವಾಗ ತಾವೇ ಸಂಕುಚಿಸುತ್ತವೆ. ಆಟ ಕಂಪ್ಯೂಟರಿಗೆ ಹೋಗುವುದಾದರೆ ಬಿಸಿ ಬಗೆ, ಫೋನಿಗೆ ಹೋಗುವುದಾದರೆ ಇನ್ನೊಂದು ಬಗೆ, ಹೀಗೆ ಒಂದೇ ಮೂಲದಿಂದ ಎರಡನ್ನೂ ತಯಾರಿಸುತ್ತವೆ. ಡಿಡಿಎಸ್ ಕೊಟ್ಟರೆ ಆ ಸ್ವಾತಂತ್ರ್ಯವನ್ನು ನೀವೇ ಕಟ್ಟಿಹಾಕಿದಂತೆ. ಗೋಡೋದಲ್ಲಿ ಚಿತ್ರವನ್ನು ಆರಿಸಿ, ಆಮದಿನ ಪಟ್ಟಿಯಲ್ಲಿ ವಿ-ರ್ಯಾಮ್ ಕಂಪ್ರೆಸ್ಡ್ (VRAM Compressed) ಎಂಬುದನ್ನು ಆರಿಸಿ. ಮುಖ್ಯವಾದ ಚಿತ್ರಗಳಿಗೆ ಅದರಲ್ಲೇ ಇರುವ ಹೈ ಕ್ವಾಲಿಟಿ ಎಂಬ ಗುರುತು ಹಾಕಿದರೆ ಕಂಪ್ಯೂಟರಿನಲ್ಲಿ ಬಿಸಿ7 ಸಿಗುತ್ತದೆ.

ಕಂಬಗಳ ವಿಷಯ ಇದಕ್ಕಿಂತ ಸ್ವಾರಸ್ಯವಾದದ್ದು. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನವೇ ದೇವಾಲಯ ಚಕ್ರವರ್ತಿ ಎಂದು ಕೊಂಡಾಡಿದ ಈ ಗುಡಿಯಲ್ಲಿ ಬಳಪದ ಕಲ್ಲಿನ ಕಂಬಗಳನ್ನು ತಿರುಗಣಿಯಲ್ಲಿ ಕಡೆದು ನುಣುಪು ಮಾಡಿದ್ದಾರೆ. ನುಣುಪಾದ ಬಾಗಿದ ಮೈಯ ಮೇಲೆ ಹೊಳಪು ಎಲ್ಲಿಯೂ ತುಂಡಾಗದೆ ಹರಿಯಬೇಕು. ಆ ಹೊಳಪನ್ನು ನಿರ್ಧರಿಸುವುದು ನಾರ್ಮಲ್ ಮ್ಯಾಪ್, ಅಂದರೆ ಮೇಲ್ಮೈಯ ಪ್ರತಿ ಬಿಂದುವಿನ ದಿಕ್ಕನ್ನು ಕೆಂಪು, ಹಸಿರು, ನೀಲಿಗಳ ಅಂಕಿಗಳಾಗಿ ಬರೆದಿಟ್ಟ ಚಿತ್ರ. ಇದನ್ನು ಬಣ್ಣದ ಚಿತ್ರವೆಂದು ತಿಳಿದು ಬಿಸಿ1ಕ್ಕೆ ಇಳಿಸಿದರೆ ಕೆಂಪಿಗೆ 5, ಹಸಿರಿಗೆ 6, ನೀಲಿಗೆ 5 ಬಿಟ್‌ಗಳಷ್ಟೇ ಉಳಿಯುತ್ತವೆ. ಅಂದರೆ ಅಡ್ಡ ದಿಕ್ಕಿಗೆ ಸಿಗುವುದು 32 ಮೆಟ್ಟಿಲು. ಕಪಿಲತೀರ್ಥದ ಬೆಟ್ಟದ ಒರಟು ಬಂಡೆಗಾದರೆ ಅಷ್ಟು ಸಾಲಬಹುದು, ಕಡೆದ ಕಂಬಕ್ಕೆ ಏನೇನೂ ಸಾಲದು. ನಾರ್ಮಲ್ ಮ್ಯಾಪ್‌ಗೆಂದೇ ಇರುವ ಬಗೆ ಬಿಸಿ5. ಅದರಲ್ಲಿ ಕೆಂಪು ಮತ್ತು ಹಸಿರನ್ನು ಮಾತ್ರ ಬೇರೆ ಬೇರೆಯಾಗಿ, ಹೆಚ್ಚು ನಿಖರವಾಗಿ ಇಟ್ಟು ನೀಲಿಯನ್ನು ಆಟ ಓಡುವಾಗಲೇ ಲೆಕ್ಕ ಹಾಕಲಾಗುತ್ತದೆ. ಆಮದಿನ ಪಟ್ಟಿಯಲ್ಲಿ ಆ ಚಿತ್ರ ನಾರ್ಮಲ್ ಮ್ಯಾಪ್ ಎಂದು ಗುರುತಾಗಿದೆಯೇ ಎಂದು ಮೊದಲು ನೋಡಿ.

ಗುರುತು ಸರಿಯಾಗಿದ್ದೂ ಹೊಳಪು ಒಡೆದರೆ ತಪ್ಪು ಮೂಲದಲ್ಲೇ ಇದೆ. ಎಲ್ಲೋ ನಡುವೆ ಅದನ್ನು ಜೆಪೆಗ್ ಆಗಿ ಉಳಿಸಿರುವ ಸಾಧ್ಯತೆ ಹೆಚ್ಚು. ಜೆಪೆಗ್ ತನ್ನದೇ ಎಂಟೆಂಟು ಪಿಕ್ಸೆಲ್‌ಗಳ ಚೌಕಗಳನ್ನು ಬಿಟ್ಟುಹೋಗಿರುತ್ತದೆ, ಅದರ ಮೇಲೆ ಬಿಸಿಯ ನಾಲ್ಕರ ಚೌಕಗಳು ಕೂರುತ್ತವೆ. ಬ್ಲೆಂಡರ್‌ನಿಂದ ಬೇಕ್ ಮಾಡುವಾಗ (ಮಾಡೆಲ್‌ನ ಉಬ್ಬುತಗ್ಗುಗಳನ್ನು ಚಿತ್ರವಾಗಿ ಇಳಿಸುವಾಗ) 16 ಬಿಟ್‌ನ ಪಿಎನ್‌ಜಿಯನ್ನೇ ತೆಗೆಯಿರಿ, ಬಣ್ಣದ ವಿಭಾಗದಲ್ಲಿ ನಾನ್-ಕಲರ್ ಎಂದು ಇಡಿ. ಬ್ಲೆಂಡರ್ ಮತ್ತು ಗೋಡೋ ಎರಡರಲ್ಲೂ ಹಸಿರಿನ ದಿಕ್ಕು ಒಂದೇ, ಆದ್ದರಿಂದ ನೀವು ಏನನ್ನೂ ತಿರುಗಿಸಬೇಕಾಗಿಲ್ಲ. ಮುಂದೆ ಅನ್‌ರಿಯಲ್‌ಗೆ ಹೋದರೆ ಅಲ್ಲಿ ಹಸಿರು ತಲೆಕೆಳಗು. ಹಾಗೆಯೇ ಬಿಟ್ಟರೆ ಉಬ್ಬುಶಿಲ್ಪವೆಲ್ಲ ತಗ್ಗಿನಂತೆ ಕಾಣುತ್ತದೆ.

ನಿಮ್ಮಂಥವರಿಗೆ ನಾನು ಸೂಚಿಸುವ ತಂತ್ರಾಂಶ ಎಎಂಡಿಯ ಕಂಪ್ರೆಸೊನೇಟರ್, ಅದೂ ಫೈಲ್ ತಯಾರಿಸಲು ಅಲ್ಲ, ತೀರ್ಮಾನಿಸಲು. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಓಡುವ ಈ ಮುಕ್ತ ತಂತ್ರಾಂಶ ಮೂಲವನ್ನೂ ಸಂಕುಚಿತ ಚಿತ್ರವನ್ನೂ ಹೋಲಿಸಿ ವ್ಯತ್ಯಾಸವನ್ನೇ ಒಂದು ಚಿತ್ರವಾಗಿ ತೋರಿಸುತ್ತದೆ, ಅಳತೆಯ ಅಂಕಿಗಳನ್ನೂ ಕೊಡುತ್ತದೆ. ಕಿನ್ನಾಳದ ಬಣ್ಣದ ಗೊಂಬೆಯೊಂದರ ಚಿತ್ರವನ್ನೂ ಗುಡಿಯ ಗೋಡೆಯ ಚಿತ್ರವನ್ನೂ ಬಿಸಿ1ಕ್ಕೆ ಹಾಕಿ ನೋಡಿ: ಗೋಡೆಯಲ್ಲಿ ವ್ಯತ್ಯಾಸ ಎಲ್ಲೆಡೆ ಸಮನಾಗಿ ಚದುರಿರುತ್ತದೆ, ಗೊಂಬೆಯಲ್ಲಿ ಅದು ಗಾಢ ಬಣ್ಣಗಳು ಸೇರುವ ಗೆರೆಗಳ ಮೇಲೆ ಮಾತ್ರ ಒಟ್ಟಾಗಿರುತ್ತದೆ. ಕಣ್ಣು ಹಿಡಿಯುವುದು ಎರಡನೆಯದನ್ನು. ಇಂಥ ಕೆಲವು ಹೋಲಿಕೆಗಳ ನಂತರ ಯಾವ ಚಿತ್ರಕ್ಕೆ ಹೈ ಕ್ವಾಲಿಟಿ ಗುರುತು ಬೇಕು, ಯಾವುದಕ್ಕೆ ಬೇಡ ಎಂಬುದು ನಿಮಗೇ ತಿಳಿಯುತ್ತದೆ. ಒರಟುತನ, ಲೋಹಗುಣ, ನೆರಳುಗಳ ಮೂರು ಚಿತ್ರಗಳನ್ನು ಕೆಂಪು, ಹಸಿರು, ನೀಲಿಗಳಲ್ಲಿ ಸೇರಿಸಿ ಒಂದೇ ಚಿತ್ರ ಮಾಡುವ ರೂಢಿ ನಿಮ್ಮಲ್ಲೂ ಇದ್ದರೆ ಅದಕ್ಕೆ ಗುರುತು ಖಂಡಿತ ಬೇಕು: ಬಿಸಿ1ರಲ್ಲಿ ಮೂರೂ ಒಂದರ ಛಾಯೆಯನ್ನು ಇನ್ನೊಂದು ಹೊತ್ತುಕೊಳ್ಳುತ್ತವೆ.

ಪ್ರಶ್ನೆ: ರಾಯಚೂರು ಕೋಟೆಯ ಬಗ್ಗೆ ಆಂಡ್ರಾಯ್ಡ್ ಫೋನಿಗೆ ಚಿಕ್ಕದೊಂದು ಆಟ ಮಾಡಿದ್ದೇನೆ. ಪಿಎನ್‌ಜಿಗಳು ಒಂದೊಂದೂ 3 ಎಂಬಿಗಿಂತ ಕಡಿಮೆ ಇದ್ದರೂ ಫೋನಿನ ನೆನಪು ತುಂಬಿ ಆಟ ನಿಂತುಹೋಗುತ್ತದೆ. ಡಿಡಿಎಸ್ ಮಾಡಿದರೆ ಸರಿಹೋದೀತೇ?
– ಓದುಗರು, ರಾಯಚೂರು

ಉತ್ತರ: ಸರಿಹೋಗುವುದಿಲ್ಲ. ಆ 3 ಎಂಬಿ ಡಿಸ್ಕಿನ ಲೆಕ್ಕ. 2048ರ ಚಿತ್ರವಾಗಿದ್ದರೆ ಓಡುವಾಗ ಪ್ರತಿಯೊಂದೂ 16 ಎಂಬಿ ಹಿಡಿಯುತ್ತದೆ, ಇದನ್ನು ಮೇಲೆಯೇ ಹೇಳಿದ್ದೇವೆ. ಬಿಸಿ ಬಗೆಗಳನ್ನು ಸಾಮಾನ್ಯ ಫೋನುಗಳು ಓದುವುದಿಲ್ಲ. ಫೋನುಗಳಿಗೆ ಇರುವವು ಇಟಿಸಿ2 ಮತ್ತು ಎಎಸ್‌ಟಿಸಿ. ಎರಡನೆಯದು ಎಆರ್‌ಎಂ ಕಂಪನಿಯಿಂದ ಬಂದದ್ದು, ಅದರ ಹೆಚ್ಚುಗಾರಿಕೆಯೆಂದರೆ ಚೌಕದ ಅಳತೆಯನ್ನು ನೀವೇ ಆರಿಸಬಹುದು: ಚೌಕ ಎಷ್ಟೇ ದೊಡ್ಡದಿದ್ದರೂ ಅದಕ್ಕೆ 16 ಬೈಟ್ ಮಾತ್ರ. ನಾಲ್ಕರ ಚೌಕದಲ್ಲಿ 2048ರ ಚಿತ್ರ 4 ಎಂಬಿ ಆದರೆ ಎಂಟರ ಚೌಕದಲ್ಲಿ 1 ಎಂಬಿ ಆಗುತ್ತದೆ. ಕೋಟೆಯ ಕಲ್ಲಿನ ಗೋಡೆಗಳಿಗೆ ಎಂಟರ ಚೌಕ ಧಾರಾಳವಾಗಿ ಸಾಕು. 1294ರ ಶಾಸನವಿರುವ ಆ ಉದ್ದನೆಯ ಕಲ್ಲಿನ ಅಕ್ಷರಗಳನ್ನು ಆಡುವವರು ಹತ್ತಿರ ಹೋಗಿ ಓದಬೇಕೆಂದು ನಿಮ್ಮ ಇಚ್ಛೆಯಿದ್ದರೆ ಅದೊಂದಕ್ಕೆ ನಾಲ್ಕರ ಚೌಕವನ್ನು ಇಡಿ. ಯೂನಿಟಿಯಲ್ಲಿ ಪ್ರತಿ ಚಿತ್ರಕ್ಕೂ ಆಂಡ್ರಾಯ್ಡ್ ವಿಭಾಗದಲ್ಲಿ ಈ ಅಳತೆಯನ್ನು ಬೇರೆಯಾಗಿ ಕೊಡಬಹುದು. ಎಂಜಿನ್ ಬಳಸದೆ ಸ್ವಂತವಾಗಿ ಬರೆದ ಆಟವಾಗಿದ್ದರೆ ಎಆರ್‌ಎಂನವರೇ ಕೊಡುವ ಎಎಸ್‌ಟಿಸಿ-ಎನ್‌ಕೋಡರ್ ಎಂಬ ಮುಕ್ತ ಉಪಕರಣವನ್ನು ಬಳಸಿ. ಅದೂ ಟೆಕ್ಸ್‌ಕಾನ್ವ್‌ನಂತೆ ಆಜ್ಞೆಯ ಸಾಲಿನದು. ಇದೇ ಆಟವನ್ನು ಬ್ರೌಸರಿನಲ್ಲೂ ಆಡಿಸುವ ಯೋಚನೆಯಿದ್ದರೆ ಕೆಟಿಎಕ್ಸ್2 ಎಂಬ ಫೈಲ್ ವಿನ್ಯಾಸವನ್ನು ನೋಡಿ, ಅದರೊಳಗಿನ ಬೇಸಿಸ್ ಯೂನಿವರ್ಸಲ್ ಎಂಬ ಬಗೆ ಕಂಪ್ಯೂಟರಿನಲ್ಲಿ ಬಿಸಿಯಾಗಿಯೂ ಫೋನಿನಲ್ಲಿ ಎಎಸ್‌ಟಿಸಿ ಅಥವಾ ಇಟಿಸಿ2 ಆಗಿಯೂ ಅಲ್ಲಲ್ಲೇ ಬದಲಾಗುತ್ತದೆ.

ಎಎಸ್‌ಟಿಸಿ ಓದಲಾರದ ಹಳೆಯ ಫೋನುಗಳು ನಿಮ್ಮ ಊರಿನ ಮಕ್ಕಳ ಕೈಯಲ್ಲಿ ಇನ್ನೂ ಇದ್ದರೆ ಇಟಿಸಿ2ರಲ್ಲಿ ಇನ್ನೊಂದು ಪ್ರತಿಯನ್ನು ಕಟ್ಟಿ ಕೊಡಿ, ಮತ್ತು ಪರೀಕ್ಷೆಯನ್ನು ನಿಮ್ಮ ಹೊಸ ಫೋನಿನಲ್ಲಿ ಮಾಡದೆ ಅಂಥದೊಂದು ಹಳೆಯ ಫೋನಿನಲ್ಲೇ ಮಾಡಿ.